ಓಡುವ ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ರಾತ್ರಿ ನೀನು ಬಲಗಾಲಿನ ಕಾಲುಚೀಲ ಕೆಳಗಿಳಿಸಿ, ಮೊಣಕಾಲಿಗೂ ಪಾದಕ್ಕೂ ನಡುವಿನ ಎಲುಬಿನ ಮೇಲೆ ಒಂದೇ ಜಾಗವನ್ನು ಹೆಬ್ಬೆರಳಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದುದನ್ನು ನಾನು ಬಾಗಿಲಲ್ಲಿ ನಿಂತು ಕಂಡೆ. ಕೇಳಿದರೆ "ಏನಿಲ್ಲಮ್ಮ" ಎಂದೆ. ಮುಟ್ಟಿನ ಮಾತು ಬಂದಾಗ, ನಾಲ್ಕು ತಿಂಗಳಿಂದ ಆಗಿಲ್ಲ, ಓಡುವವರಿಗೆಲ್ಲ ಹೀಗೇ ಎಂದು ಹಗುರವಾಗಿ ಹೇಳಿ ಮುಗಿಸಿದೆ. ಆ ನೋವಿಗೂ ಈ ಮಾತಿಗೂ ನಂಟಿರಬಹುದು ಎಂಬ ಭಯದಿಂದ ಇದನ್ನು ಬರೆಯುತ್ತಿದ್ದೇನೆ.

ಕಠಿಣ ಅಭ್ಯಾಸ ಮಾಡುವ ಎಷ್ಟೋ ಹೆಣ್ಣುಮಕ್ಕಳಿಗೆ ಹೀಗಾಗುವುದು ನಿಜ. ಹಾಗೆಂದು ಅದು ಸಹಜವೆನಿಸುವುದಿಲ್ಲ. ಅಭ್ಯಾಸದಲ್ಲಿ ಖರ್ಚಾಗುವ ಶಕ್ತಿಗೆ ತಕ್ಕಷ್ಟು ಊಟ ಒಳಗೆ ಹೋಗದಿದ್ದರೆ ದೇಹವು ತನ್ನ ತುರ್ತು ಕೆಲಸಗಳನ್ನಷ್ಟೇ ಉಳಿಸಿಕೊಂಡು ಮಿಕ್ಕವನ್ನು ಬದಿಗಿಡುತ್ತದೆ. ಆಗ ಮೆದುಳಿನ ಹೈಪೋಥಲಾಮಸ್‌ನಿಂದ ಹೊರಡುವ ಸೂಚನೆಗಳು ಕುಂದಿ, ಅಂಡಾಶಯದಲ್ಲಿ ಈಸ್ಟ್ರೋಜೆನ್ ಎಂಬ ಹಾರ್ಮೋನು ಇಳಿದು, ಮುಟ್ಟು ನಿಲ್ಲುತ್ತದೆ. ತೂಕ ಒಂದಿಷ್ಟೂ ಇಳಿಯದೆಯೂ ಇದು ಆಗಬಹುದು. ಹಳೆಯ ಮೂಳೆಯನ್ನು ಕರಗಿಸುವ ಜೀವಕೋಶಗಳನ್ನು ಹದ್ದುಬಸ್ತಿನಲ್ಲಿ ಇಡುವುದೂ ಇದೇ ಈಸ್ಟ್ರೋಜೆನ್. ಅದಿಲ್ಲದ ದೇಹದಲ್ಲಿ ಮೂಳೆ ಕಟ್ಟಿಕೊಳ್ಳುವುದಕ್ಕಿಂತ ಕರಗುವುದೇ ಹೆಚ್ಚು, ಅದರ ಮೇಲೆ ದಿನವೂ ಓಟದ ಸಾವಿರಾರು ಪೆಟ್ಟು.

ವ್ಯಾಯಾಮದಿಂದ ದೇಹದಲ್ಲಾಗುವ ಬದಲಾವಣೆಗಳನ್ನು ಅಭ್ಯಸಿಸಿದ ಅಮೆರಿಕದ ವಿಜ್ಞಾನಿ ಬಾರ್ಬರಾ ಡ್ರಿಂಕ್‌ವಾಟರ್ ಮತ್ತು ಅವರ ಸಂಗಡಿಗರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತಿದ್ದ, ಸರಾಸರಿ 25 ವರ್ಷದ ಕ್ರೀಡಾಪಟುಗಳ ಬೆನ್ನುಮೂಳೆಯ ಸಾಂದ್ರತೆ 51 ವರ್ಷದ ಹೆಂಗಸರದಷ್ಟೇ ಇತ್ತು. ನಿನಗಿನ್ನೂ 17. ಜೀವಮಾನಕ್ಕೆ ಬೇಕಾದ ಮೂಳೆಯ ಬಹುಪಾಲು 20ರ ಆಸುಪಾಸಿನೊಳಗೆ ಕೂಡಿಬರುತ್ತದೆ, ಈಗ ಕಳೆದುಕೊಂಡದ್ದು ಮುಂದೆ ಪೂರ್ತಿಯಾಗಿ ತುಂಬಿಬರುತ್ತದೆಂಬ ಭರವಸೆಯಿಲ್ಲ. ಈ ಅಂಕಿಗಳನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ನನ್ನ ತಪ್ಪೂ ಇದೆ. ನೀನು ತಟ್ಟೆಯಲ್ಲಿ ಅರ್ಧ ಬಿಟ್ಟು ಎದ್ದಾಗ ಸುಮ್ಮನಿದ್ದೆ. ತೆಳ್ಳಗಾಗಿದ್ದೀಯ, ವೇಗ ಹೆಚ್ಚಿದೆ ಎಂದು ಯಾರೋ ಹೊಗಳಿದಾಗ ಹಿಗ್ಗಿದೆ.

ಮುಟ್ಟು ಬರಿಸುವ ಮಾತ್ರೆಯನ್ನು ಗೆಳತಿಯರ ಮಾತು ಕೇಳಿ ನುಂಗಬೇಡ. ಗರ್ಭನಿರೋಧಕ ಮಾತ್ರೆಯಿಂದ ತಿಂಗಳಿಗೊಮ್ಮೆ ರಕ್ತ ಕಂಡರೂ ಒಳಗಿನ ಕೊರತೆ ಹಾಗೆಯೇ ಇರುತ್ತದೆ, ಮೇಲಾಗಿ ಅದು ಕಣ್ಣಿಗೆ ಬೀಳದಂತಾಗುತ್ತದೆ. ಮೊದಲ ಮದ್ದು ಹೊಟ್ಟೆತುಂಬ ಊಟ ಮತ್ತು ಅಭ್ಯಾಸದಲ್ಲಿ ಒಂದಿಷ್ಟು ಬಿಡುವು. ನಿನ್ನ ವಯಸ್ಸಿಗೆ ದಿನಕ್ಕೆ 1300 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು, ವಿಟಮಿನ್ ಡಿ ಕೂಡ ಬೇಕು. ಆದರೆ ಒಟ್ಟು ಊಟವೇ ಸಾಲದಿದ್ದಾಗ ಇವೆರಡರಿಂದ ಮುಟ್ಟು ಮರಳುವುದಿಲ್ಲ.

ಮೂರು ತಿಂಗಳು ಸತತವಾಗಿ ಮುಟ್ಟು ತಪ್ಪಿದರೆ ವೈದ್ಯರನ್ನು ಕಾಣಲೇಬೇಕು, ನಾವು ಆಗಲೇ ತಡಮಾಡಿದ್ದೇವೆ. ಗರ್ಭ, ಥೈರಾಯ್ಡ್ ಮುಂತಾದ ಬೇರೆ ಕಾರಣಗಳನ್ನೂ ಅವರು ಪರೀಕ್ಷಿಸುತ್ತಾರೆ. ಅದನ್ನು ಅವಮಾನವೆಂದು ತಿಳಿಯಬೇಡ. ನಿನ್ನ ಕಾಲುನೋವಿಗೆ ಮೂಳೆಯ ಸಣ್ಣ ಬಿರುಕು ಕಾರಣವಾಗಿದ್ದರೆ, ಅದು ಆರಂಭದಲ್ಲಿ ಎಕ್ಸ್‌ರೇಯಲ್ಲಿ ಕಾಣದಿರಬಹುದು, ಎಂಆರ್‌ಐ ಬೇಕಾದೀತು. ಸಾಂದ್ರತೆ ಅಳೆಯಲು ಡೆಕ್ಸಾ ಸ್ಕ್ಯಾನ್ ಇದೆ. ನಿನ್ನ ತರಬೇತುದಾರರಿಗೆ ಹೇಳಲು ಸಂಕೋಚವಾದರೆ ನಾನೇ ಮಾತನಾಡುತ್ತೇನೆ.

ವೈದ್ಯರನ್ನು ಕಾಣುವವರೆಗೆ ಓಡಬೇಡ, ದಯವಿಟ್ಟು. ನೀನು ಕೆಂಪು ಪೆನ್ನಿನಿಂದ ದಿನಾಂಕಕ್ಕೆ ಸುತ್ತು ಹಾಕುತ್ತಿದ್ದ ಆ ಚಿಕ್ಕ ಡೈರಿ ನಿನ್ನ ಮೇಜಿನ ಖಾನೆಯಲ್ಲಿದೆ. ಬುಧವಾರ ಹೊರಡುವಾಗ ಅದನ್ನು ಜೊತೆಗಿಟ್ಟುಕೋ, ಕೊನೆಯ ಸುತ್ತು ಯಾವಾಗಿನದು ಎಂದು ವೈದ್ಯರು ಕೇಳುತ್ತಾರೆ.

ನಿನ್ನ
ಅಮ್ಮ