ಬಟ್ಟಿ ಕವರಿಗೆ ಕತ್ರಿ ಯಾಕ ಬೇಕ್ರಿ?

ಸಂಪಾದಕರಿಗೆ ನಮಸ್ಕಾರ,

ಬೆಟಗೇರಿಯೊಳಗ ನಂದೊಂದು ಟೇಲರ್ ಅಂಗಡಿ ಐತ್ರಿ. ಮೊದ್ಲ ಹೊಸಾ ಬಟ್ಟಿ ಹೊಲಿಯೂದ ಜಾಸ್ತಿ ಇತ್ತು, ಈಗ ಅರ್ಧಕ್ಕರ್ಧ ಆಲ್ಟ್ರೇಶನ್, ಆನ್‌ಲೈನ್‌ನ್ಯಾಗ ತರಿಸಿದ್ದು ಸೊಂಟ ಸಡಿಲಾತು ತೋಳು ಉದ್ದಾತು ಅಂತ ಕವರ್ ಸಮೇತ ತರ್ತಾರ, ಬಟ್ಟಿ ಒಯ್ತಾರ, ಕವರ್ ನನ್ನ ಕಟ್ಟಿ ಮ್ಯಾಲೆ ಉಳೀತಾವ.

ಹೋದ ವಾರ ಒಬ್ಬ ಹುಡುಗಿ ಕುರ್ತಾ ತಂದಿದ್ಲು, ಎದಿ ಹತ್ರ ಎರಡು ಬೆರಳಿನಷ್ಟು ಸೀಳು. ಕೊರಿಯರ್ ಕವರ್ ಕೈಲೆ ಹರಿಲಿಲ್ಲ ಅಂತ ಬ್ಲೇಡ್ ಹಾಕ್ಯಾಳ, ಹೊರಗಿನ ಕವರ್, ಒಳಗಿನ ಕವರ್, ಕೆಳಗಿನ ಬಟ್ಟಿ ಮೂರೂ ಒಂದ ಏಟಿಗೆ ಹರದಾವ. ಹರಿದದ್ದನ್ನ ವಾಪಸ್ ತಗೋಳಂಗಿಲ್ಲ ಅಂದ್ರಂತ. ಒಳಗಿನ ಮಡಿಕಿಯಿಂದ ಎಳಿ ತಗದು ರಫು ಮಾಡಿ ಕೊಟ್ಟೆ, ಆದ್ರ ಬೆಳಕಿಗೆ ಹಿಡದ್ರ ಕಾಣತೈತಿ. ಇನ್ನೂ ಒಂದ ಸಲಾನೂ ಹಾಕ್ಕೊಂಡಿರಲಿಲ್ಲ ಆ ಹುಡುಗಿ.

ಒಂದು ಶರ್ಟ್ ಬಿಚ್ಚಿ ನೋಡ್ರಿ. ಹೊರಗ ದಪ್ಪ ಕವರ್, ಒಳಗ ತೆಳು ಕವರ್, ಬೆನ್ನಿಗೆ ರಟ್ಟು, ಕಾಲರ್ ಸುತ್ತ ಪ್ಲಾಸ್ಟಿಕ್ ಪಟ್ಟಿ, ಗುಂಡಿ ಕೆಳಗ ಚಿಟ್ಟಿಯಂಥಾದೊಂದು ಪ್ಲಾಸ್ಟಿಕ್, ತೋಳಿಗೆ ಕ್ಲಿಪ್ಪು, ಟ್ಯಾಗಿನ ದಾರ, ಸಿಲಿಕಾ ಜೆಲ್ ಪುಡಿಕಿ. ಗಾಜಿನ ಸಾಮಾನಾದ್ರ ಮಾತು ಬ್ಯಾರೆ, ಬಟ್ಟಿ ಬಿದ್ರ ಒಡಿತೈತೇನ್ರಿ? ಅದಕ್ಕ ಧೂಳು, ನೀರು ತಾಗಬಾರದು, ಅಷ್ಟ. ಗುಜರಿಯವ ಬಂದ್ರ ರಟ್ಟು ಒಯ್ತಾನ, ಕವರ್ ಒಲ್ಲೆ ಅಂತಾನ, ಯಾಕಂದ್ರ ಅದರ ಮ್ಯಾಲೆ ಕಾಗದದ ಚೀಟಿ, ಟೇಪು, ಗೋಂದು ಎಲ್ಲಾ ಅಂಟಿ ಕುಂತಿರ್ತಾವ, ಅದನ್ನ ಕಿತ್ತು ಬ್ಯಾರೆ ಮಾಡೋರು ಯಾರು.

ನಮ್ಮ ರಾಜ್ಯದಾಗ 2016ರಾಗನ ಪ್ಲಾಸ್ಟಿಕ್ ಕೈಚೀಲ ಬಂದ್ ಆದ್ವು, 2022ರ ಜುಲೈ 1ರಿಂದ ದೇಶದ ತುಂಬ ಪ್ಲಾಸ್ಟಿಕ್ ಚಮಚ, ಲೋಟ, ಸ್ಟ್ರಾ ಬಂದ್ ಆದ್ವು. ಬಟ್ಟಿ ಕೊರಿಯರ್ ಕವರ್ ಆ ಯಾದಿಯೊಳಗ ಇಲ್ಲ. ಪ್ಯಾಕಿಂಗ್ ಪ್ಲಾಸ್ಟಿಕ್ ವಾಪಸ್ ಕೂಡಿಸೂ ಜವಾಬ್ದಾರಿ ಕಂಪನಿಗಳದ್ದ ಅಂತ ಅದೇ ವರ್ಷ ಫೆಬ್ರವರಿಯಾಗ ನಿಯಮ ಬಂದೈತಿ, ಆದ್ರ ನನ್ನ ಅಂಗಡಿಗೆ ಕವರ್ ಕೇಳ್ಕೊಂಡು ಇವತ್ತಿಗೂ ಯಾರೂ ಬಂದಿಲ್ಲ.

ಕಾಗದದ ಕವರ್ ಮಾಡ್ರಿ ಅನ್ನೂದು ಸುಲಭ. ಜುಲೈದಾಗ ಧಾರವಾಡದ ಜಿಟಿಜಿಟಿ ಮಳಿಯೊಳಗ ಡೆಲಿವರಿ ಹುಡುಗರು ಬೈಕ್ ಮ್ಯಾಲೆ ಬರೂದನ್ನ ನಾನೂ ನೋಡೀನಿ, ಕಾಗದ ನೆಂದು ಮುದ್ದಿ ಆಗತೈತಿ ಅನ್ನೂದು ಖರೇನ. ಹಂಗಿದ್ರ ನೀರು ತಡಿಯೂ ಕೆಲಸ ಆ ಹುಡುಗನ ದೊಡ್ಡ ಚೀಲಕ್ಕ ಕೊಡ್ರಲ್ಲ, ಗೋಡೌನಿಂದ ಬರೂ ದೊಡ್ಡ ಮೂಟಿಗೆ ಕೊಡ್ರಿ, ಅದು ದಿನಾ ಹೋಗಿ ದಿನಾ ಬರತೈತಿ, ಒಂದ ಚೀಲದಾಗ ನಲವತ್ತು ಮಂದಿ ಬಟ್ಟಿ ಒಣಗಿರ್ತಾವ. ಒಂದೊಂದು ಬಟ್ಟಿಗೂ ಒಂದೊಂದು ರೇನ್‌ಕೋಟ್ ಯಾಕ? ಮಣ್ಣಾಗ ಕರಗೂ ಕವರ್ ಅಂತ ಹಸಿರು ಎಲಿ ಚಿತ್ರ ಹಾಕಿದ್ದೂ ಬರ್ತಾವ, ಅವುಕ್ಕ ಬಹಳಷ್ಟಕ್ಕ ಕಾಂಪೋಸ್ಟ್ ಪ್ಲಾಂಟಿನ ಬಿಸಿ ಬೇಕು, ನಮ್ಮ ಹಿತ್ತಲ ತಿಪ್ಪಿಯೊಳಗ ಹಂಗ ಬೇಗ ಕರಗಂಗಿಲ್ಲ.

ಇನ್ನ ಕವರಿನ ಬಾಯಿ ವಿಚಾರ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ಗೋಣಿಚೀಲ ನೋಡ್ರಿ, ಬಿಚ್ಚತಾರ, ಮತ್ತ ತುಂಬತಾರ, ಮತ್ತ ಹೊಲಿತಾರ. ಅಕ್ಕಿ ಚೀಲದ ಬಾಯಿ ಹೊಲಿಗಿ ಚೈನ್ ಹೊಲಿಗಿ, ಸರಿಯಾದ ತುದಿ ಹಿಡದು ಎಳದ್ರ ಸರ್ರಂತ ಬಿಚ್ಚಿ ಬರತೈತಿ, ಕತ್ರಿ ಬೇಕಾಗಿಲ್ಲ. ಬಟ್ಟಿ ಕವರಿಗೂ ಹಂಗ ಒಂದು ಎಳಿಯೂ ದಾರ ಇಡ್ರಿ, ಕೆಳಗ ಇನ್ನೊಂದು ಗೋಂದಿನ ಪಟ್ಟಿ ಇಡ್ರಿ, ಅಳತಿ ಸರಿ ಆಗಲಿಲ್ಲಂದ್ರ ಅದೇ ಕವರಿನ್ಯಾಗ ಅಂಟಿಸಿ ವಾಪಸ್ ಕಳಸ್ತಾರ. ಚೀಟಿ ಅಂಟಸೂ ಬದ್ಲಿ ಅಡ್ರೆಸ್ಸನ್ನ ಕವರಿನ ಕಾಗದದ ಮ್ಯಾಲೇ ಪ್ರಿಂಟ್ ಮಾಡ್ರಿ. ಹಂಗ, ಎಂ ಎಲ್ ಎಕ್ಸೆಲ್ ಅಂತಷ್ಟ ಬರಿಯೂ ಬದ್ಲಿ ಹೊಲಿದ ಬಟ್ಟಿಯ ಎದಿ, ಭುಜ, ಉದ್ದ ಇಂಚಿನ್ಯಾಗ ಸರಿಯಾಗಿ ಬರದ್ರ ವಾಪಸ್ ಹೋಗೂವ ಕಡಿಮಿ ಆಗತಾವ, ಇದು ಟೇಲರ್ ಆಗಿ ಹೇಳೂ ಮಾತು.

ಒಂದು ನಾನ ಮಾಡಿ ನೋಡೀನ್ರಿ. ದಪ್ಪ ಖಾಕಿ ಕಾಗದ ಎರಡು ಪದರ, ನಮ್ಮ ಮಷೀನಿಗೆ ಚೈನ್ ಹೊಲಿಗಿ ಬರಂಗಿಲ್ಲ, ಅದಕ್ಕ ಅಕ್ಕಿ ಅಂಗಡಿಯವರ ಚೀಲ ಹೊಲಿಯೂ ಮಷೀನ್ ಇಸಗೊಂಡು ಬಾಯಿ ಹೊಲಿದೆ. ಹಾವೇರಿಯೊಳಗಿರೂ ತಂಗಿಗೆ ಬ್ಲೌಸ್ ಹಾಕಿ ಬಸ್ಸಿನ ಮ್ಯಾಲೆ ಕಳಿಸಿದೆ. ದಾರ ಎಳದು ತಗದ್ಲು, ಅದೇ ಕವರಿಗೆ ಅಳತಿ ಬ್ಲೌಸ್ ಹಾಕಿ, ಬಾಯಿ ಮಡಚಿ ಸೂಜಿದಾರದ್ಲೆ ನಾಕು ಹೊಲಿಗಿ ಹಾಕಿ ತಿರುಗಿ ಕಳಿಸ್ಯಾಳ. ಕವರ್ ಈಗ ಅಂಗಡ್ಯಾಗ ಐತಿ, ಪ್ಯಾಕಿಂಗ್ ಮಾಡೂ ಕಂಪನಿಯವರು ಯಾರರ ಬಂದ್ರ ತೋರಸ್ತೀನಿ.

ಒಬ್ಬ ಟೇಲರ್, ಬೆಟಗೇರಿ