ಕಾಡಿಗೂ ಕಡಲಿಗೂ ನಡುವೆ ಒಂದು ಮನೆ

ಆಯಿಯ, ಅಂದರೆ ನಮ್ಮ ಅಮ್ಮನ, ಚಿಕಿತ್ಸೆ ಮುಗಿದು ಈ ವಾರಕ್ಕೆ ಒಂದು ವರ್ಷ. ಆ ಎಂಟು ತಿಂಗಳ ಕಥೆ ನಿಮಗೆಲ್ಲ ಗೊತ್ತೇ ಇದೆ, ಮತ್ತೆ ಬರೆಯುವುದಿಲ್ಲ. ಬರೆಯಬೇಕಿರುವುದು ಮೊನ್ನೆ ಮುಗಿಸಿ ಬಂದ ಮೂರು ದಿನದ ತಿರುಗಾಟದ ಬಗ್ಗೆ. ಅದಕ್ಕಿಂತ ಜಾಸ್ತಿ, ಅದರಲ್ಲಿ ನಮ್ಮ ಕೈ ಹಿಡಿದವರ ಬಗ್ಗೆ.

ಆಸ್ಪತ್ರೆಯಲ್ಲಿದ್ದಾಗ ಆಯಿ ಎರಡು ಆಸೆ ಹೇಳಿದ್ದಳು. ಜೀಪಿನಲ್ಲಿ ಕೂತು ಕಾಡು ಸುತ್ತಬೇಕು. ಹಡಗಿನಲ್ಲಿ ಕೂತು ದ್ವೀಪ ನೋಡಬೇಕು. ಶಿರಸಿಯ ಹತ್ತಿರದ ಹಳ್ಳಿಯಲ್ಲಿ, ಮನೆ ಹಿಂದೆಯೇ ಕಾಡು ಇಟ್ಟುಕೊಂಡು ಬದುಕಿದವಳು. ಅವಳ ಕಡಲು ಅಂದರೆ ಗೋಕರ್ಣಕ್ಕೆ ಹೋದಾಗ ಕಾಲು ತೊಳೆದದ್ದು, ಅಷ್ಟೇ.

ಬೆಂಗಳೂರಿನ ತಂಗಿ ದೊಡ್ಡದೇ ಯೋಜನೆ ಹಾಕಿದಳು. ಕೀನ್ಯಾದ ಮಸಾಯ್ ಮಾರಾದಲ್ಲಿ ಸಫಾರಿ, ಅಲ್ಲಿಂದ ಸೀಶೆಲ್ಸ್‌ಗೆ ವಿಮಾನ, ಆಮೇಲೆ ಸಣ್ಣ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ. ಸೀಶೆಲ್ಸ್‌ನಲ್ಲಿ 115 ದ್ವೀಪಗಳಿವೆ ಅಂತ ಕೇಳಿ ಆಯಿ, "ಅಷ್ಟೂ ನೋಡಬೇಕಾ?" ಎಂದು ಹೆದರಿದಳು. ಅಡ್ಡ ಬಂದದ್ದು ದುಡ್ಡಲ್ಲ, ಒಂದು ಲಸಿಕೆ. ಕೀನ್ಯಾಕ್ಕೆ ಹೋಗಿ ಭಾರತಕ್ಕೆ ವಾಪಸ್ ಬರುವವರ ಹತ್ತಿರ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಇರಬೇಕು. ಅದು ಜೀವಂತ ವೈರಾಣುವಿನಿಂದ ಮಾಡಿದ ಲಸಿಕೆ. ಅರವತ್ತು ದಾಟಿದವರಿಗೆ ಕೊಡುವಾಗಲೇ ಯೋಚನೆ ಮಾಡುತ್ತಾರೆ, ಇನ್ನು ಆಯಿಯಂತೆ ಮೈಯ ಶಕ್ತಿ ಕುಂದಿದವರಿಗೆ ಬೇಡವೇ ಬೇಡ. ಡಾಕ್ಟರು ಒಂದೇ ಮಾತಿನಲ್ಲಿ "ಆಫ್ರಿಕಾ ಬಿಡಿ, ಊರ ಹತ್ತಿರ ಎಲ್ಲಾದರೂ ಹೋಗಿ ಬನ್ನಿ" ಎಂದರು. ಅವರಿಗೆ ನಮಸ್ಕಾರ. ಆಗ ಸಿಟ್ಟು ಬಂದಿತ್ತು, ಈಗ ಇಲ್ಲ.

ದಾರಿ ಹುಡುಕಿದ್ದು ಭಾವ. ಕಾಳಿ ನದಿ ಜೋಯಿಡಾ ತಾಲೂಕಿನ ಡಿಗ್ಗಿಯ ಹತ್ತಿರ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದಲ್ಲಿ ಕಡಲು ಸೇರುತ್ತದೆ. ಹುಟ್ಟಿದ್ದೂ ಮುಗಿದದ್ದೂ ನಮ್ಮ ಜಿಲ್ಲೆಯಲ್ಲೇ. ಮೇಲೆ ಹುಲಿ ಕಾಡು, ಕೆಳಗೆ ದ್ವೀಪ. "ಹೊಳೆ ಹೋದ ಹಾಗೆ ನಾವೂ ಹೋದರಾಯಿತು, ಪಾಸ್‌ಪೋರ್ಟ್ ಯಾಕೆ?" ಎಂದ. ಮೂರೂ ದಿನ ಕಾರು ಓಡಿಸಿದ್ದೂ ಅವನೇ. ನಾವಿಲ್ಲದಾಗ ಹಾಲು ಕರೆದು, ಅಂಗಳದ ಅಡಿಕೆ ಹರವಿ, ಸಂಜೆಗೆ ಗುಡ್ಡೆ ಮಾಡಿ ಮುಚ್ಚಿದ ಪಕ್ಕದ ಮನೆಯವರಿಗೆ, ದಾಂಡೇಲಿ ಹತ್ತಿರದ ಫಣಸೋಲಿಯ ಸಫಾರಿ ಜೀಪಿನ ಡ್ರೈವರಿಗೆ, ಜೊತೆಗಿದ್ದ ಗೈಡ್ ಹುಡುಗನಿಗೆ, ಕಾರವಾರದಲ್ಲಿ ಭಾನುವಾರವೂ ಬಾಗಿಲು ತೆಗೆದ ಡಾಕ್ಟರಮ್ಮನಿಗೆ ಒಟ್ಟಿಗೇ ಧನ್ಯವಾದ ಹೇಳುತ್ತಿದ್ದೇನೆ. ಒಂದೇ ಸಾಲಿನಲ್ಲಿ ಮುಗಿಸಿದೆ ಅಂತ ಬೇಜಾರು ಬೇಡ.

ಸಫಾರಿಯಲ್ಲಿ ಹುಲಿ ಕಾಣಲಿಲ್ಲ. ಕರಿ ಚಿರತೆಯೂ ಇಲ್ಲ. ಕಾಡು ಅಷ್ಟು ದಟ್ಟ, ಹತ್ತು ಮಾರು ದೂರದಲ್ಲಿ ಹುಲಿ ಮಲಗಿದ್ದರೂ ಗೊತ್ತಾಗುವುದಿಲ್ಲ. ಹೆಜ್ಜೆ ಗುರುತು ತೋರಿಸಿದರು. ಆಮೇಲೆ ಒಂದು ಕಾಟಿ, ಅಂದರೆ ಕಾಡುಕೋಣ, ಗುಡ್ಡದ ಹಾಗೆ ದಾರಿಗೆ ಅಡ್ಡ ನಿಂತಿತು. ಜೀಪಿನಲ್ಲಿದ್ದವರೆಲ್ಲ ಮೊಬೈಲ್ ಎತ್ತಿದರು. ಆಯಿ ನನ್ನ ಕಿವಿಯಲ್ಲಿ, "ತೋಟಕ್ಕೆ ಬಪ್ಪ ಕಾಟಿ ನೋಡಲೆ ಇಷ್ಟು ದುಡ್ಡು ಕೊಟ್ಯ ತಮಾ?" ಎಂದಳು. ಹೋದ ಮಳೆಗಾಲದಲ್ಲಿ ನಮ್ಮ ಬಾಳೆ ತಿಂದು ಹೋದದ್ದು ಇದೇ ಇರಬೇಕು ಅನ್ನುವ ಹಾಗೆ ಅದನ್ನು ದಿಟ್ಟಿಸಿದಳು. ಈ ಕಾಡು 2007ರಲ್ಲಿ ಹುಲಿ ಮೀಸಲು ಆದಾಗ ದಾಂಡೇಲಿ, ಅಣಶಿ ಎರಡೂ ಹೆಸರು ಸೇರಿಸಿ ಕರೆಯುತ್ತಿದ್ದರು, 2015ರಲ್ಲಿ ಕಾಳಿ ಅಂತ ಹೆಸರಿಟ್ಟರು ಎಂದು ಗೈಡ್ ಹುಡುಗ ಹೇಳಿದ. ಅದು ಮಾತ್ರ ಅವಳಿಗೆ ತುಂಬಾ ಹಿಡಿಸಿತು.

ಎರಡನೇ ದಿನ ಮಧ್ಯಾಹ್ನ ಗಣೇಶಗುಡಿ, ಜೋಯಿಡಾ ದಾಟಿ ಅಣಶಿ ಘಟ್ಟದ ಕಡೆ ಹೊರಟೆವು. ರಾತ್ರಿಗೆ ಕುಂಬಾರವಾಡದ ಹತ್ತಿರ ಒಂದು ಕಡೆ ರೂಮು ಹೇಳಿದ್ದೆ, ಮುಂಗಡವನ್ನೂ ಕೊಟ್ಟಿದ್ದೆ. ಹೋಗಿ ನೋಡಿದರೆ ಬೇರೆಯವರಿಗೆ ಕೊಟ್ಟಾಗಿತ್ತು. ಹೆಸರು ಬೇಡ ಬಿಡಿ. ಕತ್ತಲಾಗುತ್ತಿತ್ತು. ಗೂಡಂಗಡಿಯವರು, "ಮೇಲಿನ ಕೇರಿಯಲ್ಲಿ ಒಬ್ಬರು ಮೌಶಿ ಇದ್ದಾರೆ, ಕೇಳಿ ನೋಡಿ" ಎಂದರು.

ಮೌಶಿ ಅಂದರೆ ಕೊಂಕಣಿಯಲ್ಲಿ ಚಿಕ್ಕಮ್ಮ. ಇವರು ಇಲ್ಲಿನ ಕುಣಬಿ ಬುಡಕಟ್ಟಿನ ಹೆಂಗಸು. ಐವತ್ತರ ಮೇಲಿನ ವಯಸ್ಸು. ಮನೆಮಾತು ಕೊಂಕಣಿ, ಕನ್ನಡ ಬೇಕಾದಷ್ಟು. ಆಯಿಗೆ ಕೊಂಕಣಿ ಬರುವುದಿಲ್ಲ. ಆದರೂ ಅರ್ಧ ಗಂಟೆಯಲ್ಲಿ ಇಬ್ಬರೂ ಒಲೆ ಮುಂದೆ ಕೂತು ಮುಡ್ಲಿ ಅನ್ನುವ ಕೆಸುವಿನ ಗಡ್ಡೆಯ ಬಗ್ಗೆ ಮಾತಾಡುತ್ತಿದ್ದರು.

ರಾತ್ರಿ ಹನ್ನೊಂದೂವರೆಗೆ ಆಯಿಗೆ ಶುರುವಾಯಿತು. ಏನು, ಹೇಗೆ ಅಂತ ಬರೆಯಲಾರೆ. ಫೋನು ಮಾಡಲು ನೆಟ್‌ವರ್ಕ್ ಇಲ್ಲ. ಕಾರವಾರಕ್ಕೆ ಹೋಗಬೇಕೆಂದರೆ ಆ ಕತ್ತಲಲ್ಲಿ, ಆ ಮಂಜಿನಲ್ಲಿ ಇಡೀ ಘಟ್ಟ ಇಳಿಯಬೇಕು. ಮೌಶಿ ಎದ್ದು ಬಂದವರು ಆಯಿಯ ಮುಖ ಒಮ್ಮೆ ನೋಡಿದರು, ಒಂದೂ ಪ್ರಶ್ನೆ ಕೇಳಲಿಲ್ಲ. ಟಾರ್ಚ್ ಹಿಡಿದು ಭಾವನನ್ನು ಕೊಟ್ಟಿಗೆ ಹಿಂದಿನ ಗುಡ್ಡ ಹತ್ತಿಸಿದರು. ಅಲ್ಲಿ ಒಂದು ಬಂಡೆಯ ಮೇಲೆ ನಿಂತರೆ ಮಾತ್ರ ಸಿಗ್ನಲ್ಲಿನ ಒಂದು ಕಡ್ಡಿ ಬರುತ್ತದಂತೆ. ನಮ್ಮ ಡಾಕ್ಟರು ಫೋನು ಎತ್ತಿದರು. ಚೀಲದಲ್ಲಿರುವ ಯಾವ ಮಾತ್ರೆ, ಎಷ್ಟು ಅಂತ ಹೇಳಿದರು. ಗಂಜಿ ಕುಡಿಸುತ್ತಿರಿ, ಮಲಗಲು ಬಿಡಬೇಡಿ, ಗಂಟೆಗೊಮ್ಮೆ ನನಗೆ ತಿಳಿಸಿ ಎಂದರು. ಅಂದರೆ ಭಾವ ಗಂಟೆಗೊಮ್ಮೆ ಗುಡ್ಡ ಹತ್ತಬೇಕು. ಪ್ರತಿ ಸಲವೂ ಮೌಶಿಯ ನಾಯಿ ಅವನ ಮುಂದೆ ಹೋಯಿತು. ಅದಕ್ಕೂ ಒಂದು ಧನ್ಯವಾದ.

ಮೌಶಿ ಒಲೆ ಹೊತ್ತಿಸಿ ಗಂಜಿ ಮಾಡಿದರು. ಆಯಿಯ ಎರಡೂ ಪಾದ ತಮ್ಮ ಮಡಿಲಲ್ಲಿಟ್ಟುಕೊಂಡು ತೆಂಗಿನೆಣ್ಣೆ ತಿಕ್ಕುತ್ತಾ ಕೂತರು. ಚಮಚದಲ್ಲಿ ಗಂಜಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಚಮಚದಲ್ಲಿ ಗಂಜಿ. ಆಯಿಯ ಕಣ್ಣು ಮುಚ್ಚುತ್ತಾ ಬಂದರೆ ಮಾತು ತೆಗೆಯುವರು. ಅವರ ತವರಿನ ಊರು ಸೂಪಾ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆ. ಆಗ ಅವರು ಹುಡುಗಿ. ಮನೆಯವರೆಲ್ಲ ರಾಮನಗರಕ್ಕೆ ಹೋದರಂತೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಕಡೆ ಹೋಗಿ, ನಮ್ಮ ಮನೆ ಇದ್ದದ್ದು ಅಲ್ಲಿ ಅಂತ ಮಕ್ಕಳಿಗೆ ಬೆರಳು ಮಾಡಿ ತೋರಿಸುತ್ತಾರಂತೆ. ಅರ್ಧ ಕೊಂಕಣಿ, ಅರ್ಧ ಕನ್ನಡ. ಆಯಿ ಅದಕ್ಕೆ ಹವಿಗನ್ನಡದಲ್ಲಿ ಕೇಳಿದಳು: "ದನ ಎಲ್ಲಿಗೆ ಹೊಡ್ಕಂಡು ಹೋದ್ರಿ?" ಆ ಪ್ರಶ್ನೆ ಕೇಳಿದಾಗ ನನಗೆ ಸ್ವಲ್ಪ ಉಸಿರು ಬಂತು.

ಎರಡು ಗಂಟೆಯ ಹೊತ್ತಿಗೆ ನಾನು ಹೊರಗೆ ಹೋಗಿ ಅತ್ತೆ. ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ. ಆಯಿಯ ಆಸೆ, ಆಯಿಯ ಆಸೆ ಅಂತ ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದ್ದೆ. ಅವಳಿಗೆ ಆಸೆ ಇತ್ತು, ನಿಜ. ಆದರೆ ಅವಳು ಪೂರ್ತಿ ಗುಣವಾಗಿದ್ದಾಳೆ ಅಂತ ನೋಡುವ ಆಸೆ ನನಗೆ ಅದಕ್ಕಿಂತ ಜಾಸ್ತಿ ಇತ್ತು. ಜೀಪಿನಲ್ಲಿ ಕೂತ ಆಯಿಯ ಫೋಟೋ ಎಲ್ಲರಿಗೂ ಕಳಿಸಿಯೂ ಆಗಿತ್ತು. "ಎಷ್ಟು ಚೆನ್ನಾಗಿದ್ದಾರೆ" ಅಂತ ನೀವೆಲ್ಲ ಬರೆದದ್ದು ನೋಡಲು ಸಂಜೆ ಜೋಯಿಡಾ ಪೇಟೆಯಲ್ಲಿ ಕಾರು ನಿಲ್ಲಿಸಿದ್ದೆ. ಆಗ ಹಿಂದಿನ ಸೀಟಿನಲ್ಲಿ ಆಯಿ ಸುಮ್ನೆ ಕಣ್ಣು ಮುಚ್ಚಿ ಒರಗಿದ್ದಳು. ದಣಿವು ಅಂದುಕೊಂಡೆ.

ಕಟ್ಟಿಗೆಗೆ ಹೊರಗೆ ಬಂದ ಮೌಶಿ ನನ್ನನ್ನು ನೋಡಿದರು. ಹತ್ತಿರ ಬಂದು ನಾಲ್ಕು ಸೌದೆ ನನ್ನ ಕೈಮೇಲೆ ಹೇರಿದರು. "ಭಿಯೆನಾಕಾ," ಎಂದರು. ಹೆದರಬೇಡ ಅಂತ. ಆಮೇಲೆ, "ನೀರು ತಾ, ಹಂಡೆ ಖಾಲಿ" ಎಂದರು. ಬೆಳಗಿನವರೆಗೆ ನನಗೆ ಒಂದಲ್ಲ ಒಂದು ಕೆಲಸ ಹೇಳುತ್ತಲೇ ಇದ್ದರು. ಅಷ್ಟು ನೀರು ಯಾರಿಗೂ ಬೇಕಿರಲಿಲ್ಲ ಅಂತ ಈಗ ಅನಿಸುತ್ತದೆ.

ಐದರ ಹೊತ್ತಿಗೆ ಇನ್ನು ಮಲಗಿಸಬಹುದು ಎಂದು ಡಾಕ್ಟರು ಹೇಳಿದರು. ಬೆಳಕು ಹರಿಯುವಾಗ ಮಾಡಿನ ಮೇಲೆ ಉಗಿಬಂಡಿ ಹೋದ ಹಾಗೆ ಸದ್ದಾಯಿತು. ದೊಡ್ಡ ಮಂಗಟ್ಟೆ ಹಕ್ಕಿ, ಜೋಡಿ. ರೆಕ್ಕೆಯ ಸದ್ದೇ ಅಷ್ಟು. ದಾಂಡೇಲಿಯಲ್ಲಿ ದುಡ್ಡು ಕೊಟ್ಟು ಕತ್ತು ನೋಯುವಷ್ಟು ಹುಡುಕಿದ್ದು ಇದನ್ನೇ. ಆಯಿ ನಿದ್ದೆಯಲ್ಲಿದ್ದಳು, ಎಬ್ಬಿಸಲಿಲ್ಲ. ಮೌಶಿಯೂ ಗೋಡೆಗೆ ಒರಗಿ ಕೂತಲ್ಲೇ ನಿದ್ದೆ ಹೋಗಿದ್ದರು, ಕೈ ಇನ್ನೂ ಆಯಿಯ ಪಾದದ ಮೇಲೆ.

ಎದ್ದ ಮೇಲೆ ವಾಪಸ್ ಹೋಗೋಣ ಎಂದೆ. "ಸಮುದ್ರ ಬಾಕಿ ಇದ್ದಲ," ಎಂದಳು ಆಯಿ. ಮೊದಲು ಡಾಕ್ಟರು, ಆಮೇಲೆ ಸಮುದ್ರ ಅಂತ ಒಪ್ಪಂದವಾಯಿತು. ಕದ್ರಾ ಮೇಲೆ ಹಾದು ಕಾರವಾರಕ್ಕೆ ಇಳಿದೆವು. ಒಂದು ದಿನ ಪೂರ್ತಿ ರೂಮಿನಲ್ಲಿ ಮಲಗಿಸಿದೆವು. ಮೂರು ದಿನದ ತಿರುಗಾಟ ನಾಲ್ಕು ದಿನ ಆಯಿತು.

ನಮ್ಮ ಹಡಗು ಅಂದರೆ ಹತ್ತು ಜನ ಕೂರುವ ಮೋಟಾರು ದೋಣಿ. 2019ರ ಜನವರಿಯಲ್ಲಿ ಕೂರ್ಮಗಡ ದ್ವೀಪದ ಜಾತ್ರೆಯಿಂದ ಬರುವಾಗ ದೋಣಿ ಮಗುಚಿ ಜನ ಸತ್ತದ್ದನ್ನು ಕಾರವಾರದವರು ಮರೆತಿಲ್ಲ. ದೋಣಿಯವರು ಆಯಿಯ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಮೂರು ಸಲ ಎಳೆದು ನೋಡಿದರು. ಅಳಿವೆ ದಾಟಿ, ಸದಾಶಿವಗಡದ ಗುಡ್ಡ ಹಿಂದೆ ಬಿಟ್ಟು, ಕೂರ್ಮಗಡದ ಸುತ್ತ ಬಂದೆವು. ದೂರದಿಂದ ಅದು ನಿಜಕ್ಕೂ ಆಮೆಯ ಬೆನ್ನೇ. ಮೇಲೆ ನರಸಿಂಹ ದೇವರ ಗುಡಿ ಇದೆ. ಹತ್ತುವ ಹಾಗಿರಲಿಲ್ಲ, ಆಯಿ ದೋಣಿಯಿಂದಲೇ ಕೈ ಮುಗಿದಳು. ಎರಡು ಡಾಲ್ಫಿನ್ ಬೆನ್ನು ತೋರಿಸಿ ಹೋದವು. ದೇವಗಡದ ದೀಪಸ್ತಂಭದವರೆಗೆ ಹೋಗಬೇಕಿತ್ತು. ಗಾಳಿ ಏಳುತ್ತಿದೆ ಎಂದು ದೋಣಿಯವರು ತಿರುಗಿಸಿದರು, ಅರ್ಧ ದುಡ್ಡೂ ವಾಪಸ್ ಕೊಟ್ಟರು. ಅವರಿಗೂ ಋಣಿ.

ಮೌಶಿಗೆ ಆ ರಾತ್ರಿಯ ಲೆಕ್ಕದಲ್ಲಿ ಏನಾದರೂ ಕೊಡಲು ಹೋದಾಗ, ಎರಡು ಕೋಣೆಯ ಬಾಡಿಗೆ ಎಣಿಸಿಕೊಂಡು ಉಳಿದದ್ದನ್ನು ವಾಪಸ್ ಕೊಟ್ಟಿದ್ದರು. ಊರಿಗೆ ಬಂದ ಮೇಲೆ ಆಯಿ ಒಂದು ಭರಣಿ ಅಪ್ಪೆಮಿಡಿ ಉಪ್ಪಿನಕಾಯಿ ಕಳಿಸಿದಳು. ಹೋದ ವಾರ ಅಲ್ಲಿಂದ ಅರ್ಧ ಚೀಲ ಮುಡ್ಲಿ ಬಂತು. ನಿನ್ನೆ ಆಯಿ ತಾನೇ ಒಲೆ ಮುಂದೆ ನಿಂತು ಅದರ ಪಲ್ಯ ಮಾಡಿದಳು, ಎಂಟು ತಿಂಗಳು ಮತ್ತೆ ಒಂದು ವರ್ಷದ ನಂತರ ಮೊದಲ ಅಡುಗೆ. ಎಲ್ಲರಿಗೂ ಗಂಟಲು ತುರಿಸಿತು. ಈಗ ಜಗುಲಿಯಲ್ಲಿ ಕೂತು, ಬಂಡೆ ಹತ್ತಿ ನಿಂತಿರುವ ಮೌಶಿಯ ಜೊತೆ, ಹುಣಸೆಹುಳಿ ಎಷ್ಟು ಹಾಕಬೇಕಿತ್ತು ಅಂತ ಫೋನಿನಲ್ಲಿ ಜಗಳವಾಡುತ್ತಿದ್ದಾಳೆ.