ಹಳೆ ಕಾರಿನ ಬಣ್ಣ ಕೆರೆದು ಹೊಳಪು ತರಬೇಡಿ

ಸಂಪಾದಕರಿಗೆ ನಮಸ್ಕಾರ.

ಮದುವೆ ಹಂಗಾಮು ಬಂತೆಂದರೆ ಕುಂಬಳೆ, ಬದಿಯಡ್ಕ, ಮುಳ್ಳೇರಿಯ, ಮಂಜೇಶ್ವರ ಕಡೆಯ ಶೆಡ್ಡುಗಳಿಂದ ಹಳೆ ಅಂಬಾಸಿಡರ್, ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳು ದಿಬ್ಬಣಕ್ಕೆ ಹೊರಬೀಳುತ್ತವೆ. ಹೊರಡುವ ಮುಂಚೆ ವರ್ಕ್‌ಶಾಪಿಗೆ ಹೋಗಿ ಮೆಷಿನ್ ಪಾಲಿಶ್ ಮಾಡಿಸಿಕೊಂಡು ಬರುತ್ತವೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಹತ್ತಿರ ಹೋಗಿ ನೋಡಿದರೆ ಬಾನೆಟ್ಟಿನ ನಡುಗೆರೆಯಲ್ಲಿ, ಮಡ್ಗಾರ್ಡಿನ ಉಬ್ಬಿನಲ್ಲಿ ಬೂದು ಅಥವಾ ಕಾವಿ ಬಣ್ಣದ ಪ್ರೈಮರ್ (ಬಣ್ಣದ ಅಡಿಗೆ ಹೊಡೆಯುವ ಮೊದಲ ಲೇಪ) ಇಣುಕುತ್ತಿರುತ್ತದೆ. ಅದು ಕಾರಿಗೆ ವಯಸ್ಸಾದ ಗುರುತಲ್ಲ, ತಿಕ್ಕಿ ತಿಕ್ಕಿ ಬಣ್ಣ ಸವೆದ ಗುರುತು.

ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಪಾಲಿಶ್ ಸವೆಸುವುದು ಅದನ್ನು. ಹಳೆ ಕಾರುಗಳ ಎನಾಮಲ್ ಅಥವಾ ನಮ್ಮ ಪೈಂಟರುಗಳು ಡ್ಯೂಕೋ ಎನ್ನುವ ಎನ್‌ಸಿ (ನೈಟ್ರೋಸೆಲ್ಯುಲೋಸ್) ಬಣ್ಣಕ್ಕೆ ಆ ರಕ್ಷಣೆ ಇಲ್ಲ. ಹೊಳಪೂ ಬಣ್ಣವೂ ಒಂದೇ ಪದರದಲ್ಲಿ. ಪ್ರೈಮರ್ ಸೇರಿ ಒಟ್ಟು ದಪ್ಪ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್, ಅಂದರೆ ಈ ಪತ್ರಿಕೆಯ ಎರಡು ಹಾಳೆ ಜೋಡಿಸಿ ಹಿಡಿದಷ್ಟು. ಅದರಲ್ಲಿ ಮೇಲ್ಬಣ್ಣದ ಪಾಲು ಇನ್ನೂ ತೆಳು. ಚೂಪಾದ ಅಂಚುಗಳಲ್ಲಿ ಬಣ್ಣ ಒಣಗುವಾಗಲೇ ಆಚೀಚೆ ಸರಿಯುವುದರಿಂದ ಅಲ್ಲಿ ಎಲ್ಲಕ್ಕಿಂತ ಕಡಿಮೆ ನಿಂತಿರುತ್ತದೆ. ಒಮ್ಮೆ ತೆಗೆದದ್ದನ್ನು ಯಾವ ಪಾಲಿಶೂ ಮರಳಿ ಕೊಡುವುದಿಲ್ಲ.

ಹಾಗಾಗಿ ಮೊದಲು ಮಾಡಬೇಕಾದ್ದು ಪರೀಕ್ಷೆ. ಡಿಕ್ಕಿ ಬಾಗಿಲಿನ ಕೆಳಮೂಲೆಯಂಥ ಕಣ್ಣಿಗೆ ಬೀಳದ ಜಾಗದಲ್ಲಿ ಬಿಳಿ ಬಟ್ಟೆಗೆ ತುಸು ಪಾಲಿಶ್ ಹಚ್ಚಿ ಉಜ್ಜಿ. ಬಟ್ಟೆಗೆ ಕಾರಿನ ಬಣ್ಣವೇ ಹತ್ತಿದರೆ ಅದು ಒಂದೇ ಪದರದ ಬಣ್ಣ. ಹಾಗೆ ಬಣ್ಣ ಹತ್ತುವುದಕ್ಕೆ ಹೆದರಬೇಕಿಲ್ಲ, ಬಿಸಿಲಿಗೆ ಸತ್ತು ಪುಡಿಯಾದ ಮೇಲ್ಪದರ ಅದು. ಕೆಲಸದ ನಡುವೆ ಬಟ್ಟೆಗೆ ಹತ್ತುವ ಬಣ್ಣ ಬದಲಾಗಿ ಬೂದೋ ಕಾವಿಯೋ ಕಂಡರೆ ಅದೇ ಕ್ಷಣ ಕೈ ತೆಗೆಯಬೇಕು. ದಪ್ಪ ಅಳೆಯುವ ಗೇಜ್ ಸಿಕ್ಕರೆ ಪ್ರತಿ ಭಾಗದಲ್ಲೂ ನಾಲ್ಕಾರು ಕಡೆ ಅಳೆದು ಬರೆದಿಡಿ. ಕೆಲವು ಕಡೆ 300-400 ಮೈಕ್ರಾನ್ ತೋರಿಸಿದರೆ ಹಿಗ್ಗಬೇಡಿ, ಅಲ್ಲಿ ಮರುಬಣ್ಣವೋ ಪುಟ್ಟಿಯೋ ಇದೆ ಎಂದರ್ಥ. ಬಣ್ಣ ಬಿರುಕುಬಿಟ್ಟಿದ್ದರೆ ಅಥವಾ ಅಡಿಯಿಂದ ತುಕ್ಕು ಗುಳ್ಳೆ ಎದ್ದಿದ್ದರೆ ಪಾಲಿಶ್ ಮಾಡಲೇಬಾರದು. ಕಂಪೌಂಡ್ ಎಂಬ ಒರಟು ಉಜ್ಜುಪೇಸ್ಟ್ ಆ ಬಿರುಕುಗಳಲ್ಲಿ ಕೂತು ಬಿಳಿ ಗೆರೆಯಾಗಿ ಉಳಿಯುತ್ತದೆ.

ತೊಳೆಯುವುದು ನೆರಳಲ್ಲಿ, ಲೋಹ ತಣ್ಣಗಿರುವಾಗ. ಹೆದ್ದಾರಿ 66ರ ಧೂಳೂ ನಮ್ಮ ಮುರಕಲ್ಲಿನ ಕೆಂಪು ಧೂಳೂ ಮರಳಿನಷ್ಟೇ ಗೀರು ಹಾಕುವಂಥವು. ಒಣಬಟ್ಟೆಯಲ್ಲಿ ಒರಸಿದರೆ ಬಿಸಿಲಲ್ಲಿ ಜೇಡರ ಬಲೆಯಂತೆ ಕಾಣುವ ಸುತ್ತುಗೆರೆಗಳು ಹುಟ್ಟುವುದು ಅಲ್ಲೇ. ಮೊದಲು ನೀರು ಹಾಯಿಸಿ ಧೂಳು ಇಳಿಸಿ. ಆಮೇಲೆ ಎರಡು ಬಕೆಟ್ ಇಟ್ಟುಕೊಂಡು ಒಂದರಲ್ಲಿ ಕಾರ್ ಶಾಂಪೂ, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಬಟ್ಟೆ ಸೋಪಿನ ಪುಡಿ, ಪಾತ್ರೆ ತೊಳೆಯುವ ಲಿಕ್ವಿಡ್ ಬೇಡ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಇದ್ದವರು ಅದನ್ನೇ ಬಳಸಿ. ಕಡಲ ಬದಿಯ ಬೋರ್‌ವೆಲ್ ನೀರಾದರೆ ಆರಲು ಬಿಡದೆ ಕೂಡಲೇ ಒರಸಿ ತೆಗೆಯಿರಿ, ಇಲ್ಲದಿದ್ದರೆ ಉಪ್ಪಿನ ಕಲೆ ನಿಲ್ಲುತ್ತದೆ. ಹಲಸಿನ ಮೇಣ ಹತ್ತಿದ್ದರೆ ತೆಂಗಿನೆಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು ಮೆಲ್ಲಗೆ ಒರಸಿ, ಮತ್ತೆ ಶಾಂಪೂ ಹಾಕಿ ತೊಳೆಯಿರಿ. ಬಾವಲಿ, ಹಕ್ಕಿಗಳ ಹಿಕ್ಕೆಯನ್ನು ಅದೇ ದಿನ ತೆಗೆಯಬೇಕು, ಬಿಸಿಲಿಗೆ ಒಣಗಿದರೆ ಬಣ್ಣವನ್ನೇ ತಿನ್ನುತ್ತದೆ.

ಹಲವು ಡ್ರೈವರುಗಳು ಹೊಳಪಿಗೆಂದು ಡೀಸೆಲ್ಲೋ ಸೀಮೆಎಣ್ಣೆಯೋ ಸವರುವುದುಂಟು. ಅರ್ಧ ದಿನ ಮಿನುಗುತ್ತದೆ, ನಿಜ. ಅಷ್ಟರಲ್ಲಿ ಧೂಳನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ, ಕಿಟಕಿಯ ರಬ್ಬರ್ ಬೀಡಿಂಗನ್ನು ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಇದನ್ನು ಪೂರ್ತಿ ನಿಲ್ಲಿಸಬೇಕು.

ಸುಣ್ಣದ ಗೋಡೆ ಮುಟ್ಟಿದಂತೆ ಕೈಗೆ ಪುಡಿ ಹತ್ತುವ ಬಣ್ಣಕ್ಕೂ ಮೊದಲ ಮದ್ದು ರಬ್ಬಿಂಗ್ ಕಂಪೌಂಡ್ ಅಲ್ಲ. ಉಜ್ಜುಪುಡಿ ಇಲ್ಲದ, ಎಣ್ಣೆಯಂಶ ಹೆಚ್ಚಿರುವ ಗ್ಲೇಜ್ ಸಿಗುತ್ತದೆ. ಈ ಕೆಲಸಕ್ಕೆ ಬಹುಕಾಲದಿಂದ ಹೆಸರಾದದ್ದು ಮೆಗ್ವಾಯರ್ಸ್ ಕಂಪನಿಯ 7ನೇ ನಂಬರಿನದು. ಅದನ್ನು ಟವೆಲ್ ಬಟ್ಟೆಯಲ್ಲಿ ಧಾರಾಳವಾಗಿ ಹಚ್ಚಿ, ಮೆಲ್ಲಗೆ ಉಜ್ಜಿ, ರಾತ್ರಿಯಿಡೀ ಹಾಗೇ ಬಿಡಿ. ಒಣಗಿ ಸೂಕ್ಷ್ಮ ರಂಧ್ರ ಬಿದ್ದ ಬಣ್ಣ ಎಣ್ಣೆ ಹೀರಿಕೊಂಡು ಬೆಳಗ್ಗೆ ಒರಸುವಾಗ ಗಾಢವಾಗಿರುತ್ತದೆ. ಕೆಂಪು, ಮೆರೂನ್ ಬಣ್ಣಗಳಲ್ಲಿ ಈ ವ್ಯತ್ಯಾಸ ಎದ್ದು ಕಾಣುತ್ತದೆ. ಬೇಕಿದ್ದರೆ ಇನ್ನೊಂದು ಸಲ ಹಚ್ಚಬಹುದು. ತಾಳ್ಮೆ ಬೇಡುವ ಕೆಲಸ, ಆದರೆ ಇದರಲ್ಲಿ ಬಣ್ಣ ಸವೆಯುವುದು ತೀರಾ ಕಡಿಮೆ.

ಆಮೇಲೂ ಮಂಕು ಉಳಿದರೆ ಮಾತ್ರ ಪಾಲಿಶ್. ಅದಕ್ಕೆ ಮುಂಚೆ ಅಂಚುಗಳು, ಲಾಂಛನ, ಬೀಡಿಂಗ್ ಎಲ್ಲದಕ್ಕೂ ಮಾಸ್ಕಿಂಗ್ ಟೇಪ್ ಹಚ್ಚಿ. ಒಂದು ಚದರಡಿ ಜಾಗದಲ್ಲಿ ಅತಿ ನುಣುಪಾದ ಪಾಲಿಶ್ ಮತ್ತು ಮೆತ್ತನೆಯ ಫೋಮ್ ಪ್ಯಾಡಿನಿಂದ ಶುರು ಮಾಡಿ. ಅಷ್ಟರಲ್ಲೇ ಸರಿಹೋದರೆ ಅದಕ್ಕಿಂತ ಒರಟಾದದ್ದನ್ನು ಮುಟ್ಟುವ ಅಗತ್ಯವಿಲ್ಲ. ಪ್ಯಾಡಿಗೆ ಕಡಲೆ ಗಾತ್ರದ ಮೂರು ನಾಲ್ಕು ಹನಿ ಸಾಕು. ಒಂದು ಸಲಕ್ಕೆ ಎರಡಡಿ ಉದ್ದ ಎರಡಡಿ ಅಗಲ, ಅಡ್ಡ-ಉದ್ದ ನಾಲ್ಕಾರು ಸುತ್ತು. ಮೆಷಿನ್ ಬೇಕೆಂದರೆ ಡ್ಯುಯಲ್ ಆಕ್ಷನ್, ಅಂದರೆ ತಿರುಗುತ್ತಲೇ ಆಚೀಚೆ ಓಲಾಡುವ ಬಗೆಯದು ಇರಲಿ. ವರ್ಕ್‌ಶಾಪುಗಳಲ್ಲಿ ಹೆಚ್ಚಾಗಿ ಇರುವ ರೋಟರಿ ಒಂದೇ ಅಕ್ಷದಲ್ಲಿ ತಿರುಗುವುದರಿಂದ ಒಂದೇ ಕಡೆ ನಿಂತರೆ ಕೆಲವೇ ಕ್ಷಣಗಳಲ್ಲಿ ಬಣ್ಣ ಸುಡುತ್ತದೆ, ಎನ್‌ಸಿ ಬಣ್ಣವಂತೂ ಬಿಸಿಗೆ ಬೇಗ ಮೆತ್ತಗಾಗುತ್ತದೆ. ನಡುನಡುವೆ ಕೈಯ ಹಿಂಬದಿ ಇಟ್ಟು ಬಿಸಿ ನೋಡುತ್ತಿರಿ. ಸತ್ತ ಬಣ್ಣ ಪ್ಯಾಡಿನಲ್ಲಿ ಬೇಗ ತುಂಬಿಕೊಳ್ಳುತ್ತದೆ, ಆದ್ದರಿಂದ ಒಂದೊಂದು ಭಾಗ ಮುಗಿದಂತೆ ಪ್ಯಾಡ್ ಬದಲಿಸಬೇಕು. ಕ್ಲಿಯರ್ ಕೋಟ್ ಇಲ್ಲದ ಮೆಟಾಲಿಕ್ ಬಣ್ಣಕ್ಕೆ ಕಂಪೌಂಡ್ ತಾಗಿಸಲೇಬೇಡಿ. ಒಳಗಿನ ಅಲ್ಯೂಮಿನಿಯಂ ಚೂರುಗಳು ಬಯಲಾಗಿ ಕಪ್ಪಾಗುತ್ತವೆ. ಅಂಚು, ಮೂಲೆಗಳ ಟೇಪ್ ತೆಗೆದ ಮೇಲೆ ಅಲ್ಲಿಗೆ ಕೈಯಲ್ಲೇ ಒಂದೆರಡು ಸಲ ಉಜ್ಜಿದರೆ ಸಾಕು.

ವ್ಯಾಕ್ಸ್ ಬಣ್ಣವನ್ನು ಸರಿಪಡಿಸುವುದಿಲ್ಲ, ಇದ್ದದ್ದನ್ನು ಕಾಯುತ್ತದೆ. ಬ್ರೆಜಿಲಿನ ಒಂದು ತಾಳೆ ಜಾತಿಯ ಎಲೆಯಿಂದ ಬರುವ ಕಾರ್ನೌಬಾ ವ್ಯಾಕ್ಸ್ ಕರಗುವುದು ಸುಮಾರು 82ರಿಂದ 86 ಡಿಗ್ರಿಯಲ್ಲಿ, ಜೇನುಮೇಣ 62-64ರಲ್ಲೇ ಕರಗುತ್ತದೆ. ಬಿಸಿಲಲ್ಲಿ ನಿಂತ ಕಪ್ಪು ಬಾನೆಟ್ ಮುಟ್ಟಿದವರಿಗೆ ಯಾವುದು ಬೇಕೆಂದು ಗೊತ್ತಾಗುತ್ತದೆ. ಪ್ಯಾಡಿನಲ್ಲಿ ಹಚ್ಚಿದ್ದು ಕಂಡೂ ಕಾಣದಷ್ಟು ತೆಳುವಾಗಿರಬೇಕು. ದಪ್ಪ ಹಚ್ಚಿದರೆ ಒರಸುವಾಗ ಎಳೆದು ಗೆರೆ ಬೀಳುತ್ತದೆ, ರಕ್ಷಣೆಯೇನೂ ಹೆಚ್ಚುವುದಿಲ್ಲ. ಡಬ್ಬಿಯ ಮೇಲೆ ಬರೆದ ನಿಮಿಷಗಳ ಲೆಕ್ಕ ನಮ್ಮ ಕರಾವಳಿಯ ತೇವದ ಗಾಳಿಗೆ ಹೊಂದುವುದಿಲ್ಲ. ಬೆರಳಿನಿಂದ ಒಂದು ಗೆರೆ ಎಳೆದು ನೋಡಿ, ಗೆರೆ ಸ್ವಚ್ಛವಾಗಿ ಬಂದರೆ ಒರಸಬಹುದು, ಮಸುಕಿದರೆ ಇನ್ನೂ ಕಾಯಬೇಕು. ಮಳೆಗಾಲಕ್ಕೆ ಮುಂಚೆ, ಮೇ ಕೊನೆಗೆ ಬರುವ ಪತ್ತನಾಜೆಯ ಒಳಗೆ ಒಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ ಕಡ್ಡಾಯ. ಮಳೆಗೆ ಹೊರಗೆ ನಿಲ್ಲುವ ಕಾರಿಗೆ ನಡುವೆ ಇನ್ನೂ ಒಂದೆರಡು ಸಲ ಬೇಕು. ಹೊಸದಾಗಿ ಎನಾಮಲ್ ಹೊಡೆಸಿದ್ದರೆ ಮಾತ್ರ 60ರಿಂದ 90 ದಿನ ವ್ಯಾಕ್ಸ್ ಬೇಡ, ಒಳಗಿನ ಥಿನ್ನರ್ ಆರಿ ಹೋಗಲು ದಾರಿ ಬೇಕು. ಪ್ಲಾಸ್ಟಿಕ್ ಟಾರ್ಪಾಲ್ ಹೊದಿಸುವುದೂ ಬೇಡ, ಒಳಗೆ ನಿಂತ ಪಸೆಗೆ ಬಣ್ಣ ಗುಳ್ಳೆ ಏಳುತ್ತದೆ. ಗಾಳಿಯಾಡುವ ಬಟ್ಟೆಯ ಕವರ್ ಇರಲಿ.

ದಿಬ್ಬಣದ ಕಾರು ಸಿಂಗರಿಸುವವರಲ್ಲೂ ಒಂದು ಮನವಿ. ಹಳೆ ಬಣ್ಣಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕಿತ್ತರೆ ಜತೆಗೆ ಬಣ್ಣದ ಚಕ್ಕೆಯೂ ಬರುತ್ತದೆ. ಹೂಮಾಲೆಯನ್ನು ಬಂಪರಿಗೋ ಬಾಗಿಲ ಹಿಡಿಕೆಗೋ ಬಟ್ಟೆಯ ಪಟ್ಟಿಯಲ್ಲಿ ಕಟ್ಟಿ. ಒದ್ದೆ ಹೂವನ್ನು ಸಂಜೆಯೊಳಗೆ ತೆಗೆದು ತೊಳೆದರೆ ಕಲೆ ಕೂರುವುದಿಲ್ಲ.

ಅಂಬಾಸಿಡರ್ ತಯಾರಿಕೆ 2014ರಲ್ಲೇ ನಿಂತಿದೆ. ಕಾರ್ಖಾನೆಯ ಮೂಲ ಬಣ್ಣ ಉಳಿದಿರುವ ಕಾರುಗಳು ಇನ್ನು ಕಡಿಮೆಯಾಗುವುದೇ ಹೊರತು ಹೆಚ್ಚುವುದಿಲ್ಲ. ವರ್ಕ್‌ಶಾಪಿನವರು ಮೆಷಿನ್ ಹಿಡಿಯುವ ಮೊದಲು ಡಿಕ್ಕಿಯ ಮೇಲೆ ಒಂದು ಚದರಡಿ ಮಾಡಿ ಮಾಲೀಕರಿಗೆ ತೋರಿಸಿ ಒಪ್ಪಿಗೆ ಪಡೆಯಲಿ. ಯಾವ ಪಾಲಿಶ್ ಬಳಸಿದರು, ಅದರಲ್ಲಿ ಸಿಲಿಕೋನ್ ಇತ್ತೇ ಎಂಬುದನ್ನು ಬಿಲ್ಲಿನಲ್ಲಿ ಬರೆದುಕೊಡಲಿ. ಸಿಲಿಕೋನ್ ಉಳಿದ ಜಾಗಕ್ಕೆ ಮುಂದೆ ಬಣ್ಣ ಹೊಡೆದರೆ ಅದು ನಿಲ್ಲದೆ ಮೀನಿನ ಕಣ್ಣಿನಂಥ ಗುಳಿ ಬೀಳುತ್ತದೆ, ಆಗ ಪೈಂಟರಿಗೆ ಕಾರಣ ಗೊತ್ತಿರಬೇಕು.

– ಓರ್ವ ಓದುಗ, ಕುಂಬಳೆ